ಭೂಕಂಪಕ್ಕೆ ಭವಿಷ್ಯ ಬೇಡ, ನೆನಪು ಬೇಕು

2022ರ ಜೂನ್ 23, ಗುರುವಾರ. ಬೆಳಗಿನ ಜಾವ 4 ಗಂಟೆ 37 ನಿಮಿಷ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಭೂಮಿ ನಡುಗಿತು. ಅರಕಲಗೂಡು ಕಡೆಯವರಿಗೂ ಗೊತ್ತಾಯ್ತು, ಕೊಡಗಿನ ಕೆಲವು ಊರುಗಳಿಗೂ ಗೊತ್ತಾಯ್ತು. ತೀವ್ರತೆ 3.4. ಯಾರ ಪ್ರಾಣಕ್ಕೂ ಅಪಾಯ ಆಗಲಿಲ್ಲ. ಅದಾದ ಕೆಲವೇ ದಿನಗಳಲ್ಲಿ ಕೊಡಗು ಮತ್ತು ಸುಳ್ಯದ ಗಡಿಯಲ್ಲಿ ಮತ್ತೆ ಮತ್ತೆ ಸಣ್ಣ ಕಂಪನಗಳಾದವು. ಟಿವಿಗಳಲ್ಲಿ ಬ್ರೇಕಿಂಗ್ ನ್ಯೂಸ್ ಓಡಿತು. ವಾಟ್ಸ್ಆ್ಯಪ್‌ನಲ್ಲಿ ಅದಕ್ಕಿಂತ ಜೋರಾಗಿ ಓಡಿತು.

ನಾನು ಆ ಕಡೆಯವನೇ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ ಸಿಗುವ ಮೊಸಳೆ ನಮ್ಮ ಪಕ್ಕದ ಊರು. ಅವತ್ತು ಬೆಳಗ್ಗೆ ಆರಕ್ಕೆಲ್ಲಾ ಊರಿಂದ ಫೋನ್ ಶುರುವಾಯ್ತು. ನಮ್ಮ ದೊಡ್ಡಪ್ಪನ ಪ್ರಶ್ನೆ ಒಂದೇ. "ಟಿವೀಲಿ ಇರೋನು ನೀನು, ಎಂಜಿನಿಯರಿಂಗ್ ಬೇರೆ ಓದಿದೀಯ. ಇನ್ನೊಂದು ಯಾವಾಗ ಆಗುತ್ತೆ ಅಂತ ಹೇಳ್ಬಿಡು ಮಗಾ, ಅವತ್ತೊಂದಿನ ಹೊರಗಡೆ ಮಲಕ್ಕೋತೀವಿ."

ನೋಡಿ, ಈ ಪ್ರಶ್ನೆ ಕೇಳಿದವರು ನಮ್ಮ ದೊಡ್ಡಪ್ಪ ಒಬ್ಬರೇ ಅಲ್ಲ. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ 7.8ರ ಭೂಕಂಪ ಆಗಿ 50 ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಇಡೀ ಜಗತ್ತು ಇದನ್ನೇ ಕೇಳಿತು. ಗ್ರಹಗಳ ಲೆಕ್ಕ ಹಾಕಿ ಯುರೋಪಿನ ಯಾರೋ ಒಬ್ಬರು ಮೊದಲೇ ಹೇಳಿದ್ದರಂತೆ ಅಂತ ಸುದ್ದಿ ಹಬ್ಬಿತು. ನಮ್ಮಲ್ಲಿ ಕೂಡ ಭವಿಷ್ಯ ಹೇಳುವವರಿಗೆ ಬರ ಇಲ್ಲ. ಆದರೆ ಒಂದು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡ್ತೀನಿ. ಭೂಕಂಪ ಇಂಥ ದಿನ, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇಷ್ಟು ದೊಡ್ಡದಾಗಿ ಆಗುತ್ತೆ ಅಂತ ಮುಂಚಿತವಾಗಿ ಹೇಳುವ ವಿದ್ಯೆ ಇವತ್ತಿಗೂ ಯಾರ ಕೈಯಲ್ಲೂ ಇಲ್ಲ. ಅಮೆರಿಕದ ಕೈಯಲ್ಲಿಲ್ಲ, ಜಪಾನಿನ ಕೈಯಲ್ಲಿಲ್ಲ, ಯಾವ ಸ್ವಾಮೀಜಿ ಕೈಯಲ್ಲೂ ಇಲ್ಲ.

ಹಾಗಾದ್ರೆ ವಿಜ್ಞಾನಿಗಳು, ಎಂಜಿನಿಯರುಗಳು ಇಷ್ಟು ವರ್ಷ ಮಾಡಿದ್ದೇನು? ಇದಕ್ಕೆ ಉತ್ತರ ಬೇಕು ಅಂದ್ರೆ ನಮ್ಮ ಬೆಂಗಳೂರಿನಲ್ಲೇ ದುಡಿದ ಒಬ್ಬ ಪ್ರೊಫೆಸರ್ ಬಗ್ಗೆ ತಿಳಿದುಕೊಳ್ಳಬೇಕು. ಹೆಸರು ಆರ್. ಎನ್. ಅಯ್ಯಂಗಾರ್. ಪೂರ್ತಿ ಹೆಸರು ರಂಗಾಚಾರ್ ನಾರಾಯಣ ಅಯ್ಯಂಗಾರ್. ಸಿನಿಮಾ ನಟರ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುವ ನಮಗೆ ಈ ಹೆಸರು ಗೊತ್ತಿಲ್ಲ. ಆದರೆ ಈ ದೇಶದಲ್ಲಿ ಯಾವ ಊರಿನ ನೆಲ ಎಷ್ಟು ಅಲುಗಾಡಬಹುದು ಅನ್ನುವ ಲೆಕ್ಕವನ್ನು ಕಟ್ಟಿದವರಲ್ಲಿ ಇವರದ್ದು ದೊಡ್ಡ ಹೆಸರು.

ಕಥೆ ಶುರುವಾಗುವುದು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಕೆ. ಟಿ. ಸುಂದರರಾಜ ಅಯ್ಯಂಗಾರ್ ಅನ್ನುವ ಹಿರಿಯ ಪ್ರಾಧ್ಯಾಪಕರಿದ್ದರು. ಅವರ ಕೈಕೆಳಗೆ ಸಂಶೋಧನೆ ಮಾಡಿದವರು ನಮ್ಮ ಆರ್. ಎನ್. ಅಯ್ಯಂಗಾರ್. 1969ರಲ್ಲಿ ಗುರು, ಶಿಷ್ಯ ಇಬ್ಬರೂ ಸೇರಿ ಅಮೆರಿಕದ ಭೂಕಂಪಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ ಏನು? ಭೂಕಂಪದ ನಡುಕವನ್ನು ಗಣಿತದಲ್ಲಿ ಹಿಡಿಯುವುದು ಹೇಗೆ ಅನ್ನೋದು.

ಇದರಲ್ಲಿ ಅಂಥಾದ್ದೇನಿದೆ ಅಂತೀರಾ? ಇದೆ. ಒಂದು ಸೇತುವೆ ಕಟ್ಟಬೇಕು ಅಂದ್ಕೊಳ್ಳಿ. ಅದರ ಮೇಲೆ ಎಷ್ಟು ಟನ್ನಿನ ಲಾರಿ ಹೋಗುತ್ತೆ ಅಂತ ಮೊದಲೇ ಗೊತ್ತಿರುತ್ತೆ, ಅದಕ್ಕೆ ತಕ್ಕ ಹಾಗೆ ಕಟ್ಟಬಹುದು. ಭೂಕಂಪ ಎಂಥ ಭಾರ ಹಾಕುತ್ತೆ? ಅದು ಲಾರಿ ಥರ ಅಲ್ಲ. ಹಿಂದಕ್ಕೆ, ಮುಂದಕ್ಕೆ, ಮೇಲಕ್ಕೆ, ಕೆಳಕ್ಕೆ, ಒಂದು ಕ್ಷಣ ಜೋರಾಗಿ, ಇನ್ನೊಂದು ಕ್ಷಣ ಮೆತ್ತಗೆ. ಯಾವ ಲೆಕ್ಕಕ್ಕೂ ಸಿಗದ ಹಾಗೆ ಎಳೆದಾಡುತ್ತೆ. ಆ ಕಾಲದಲ್ಲಿ ಎಂಜಿನಿಯರುಗಳ ಹತ್ತಿರ ಇದ್ದ ದಾಖಲೆಗಳು ಬೆರಳೆಣಿಕೆಯಷ್ಟು. 1940ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೋ ಅನ್ನುವ ಊರಲ್ಲಿ ದಾಖಲಾದ ಒಂದು ನಡುಕವನ್ನೇ ಜಗತ್ತಿನ ಎಲ್ಲಾ ಕಡೆ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು. ನಾನು ಎಂಜಿನಿಯರಿಂಗ್ ಓದುವಾಗಲೂ ಪುಸ್ತಕದಲ್ಲಿ ಇದ್ದದ್ದು ಅದೇ ಎಲ್ ಸೆಂಟ್ರೋ ಗೆರೆ. ಸರಿ ಸ್ವಾಮಿ, ಎಲ್ ಸೆಂಟ್ರೋದಲ್ಲಿ ನಡುಗಿದ ಹಾಗೇ ಹಾಸನದಲ್ಲೂ ನಡುಗಬೇಕು ಅಂತ ಎಲ್ಲಿದೆ?

ಇಲ್ಲಿ ನಿಮಗೆ ನಮ್ಮ ಪಕ್ಕದೂರಿನ ಒಂದು ಉದಾಹರಣೆ ಕೊಡ್ತೀನಿ. ಮೊಸಳೆಯಲ್ಲಿ ಎರಡು ಹೊಯ್ಸಳ ದೇವಸ್ಥಾನಗಳಿವೆ. ಒಂದು ನಾಗೇಶ್ವರ, ಒಂದು ಚೆನ್ನಕೇಶವ. ಕ್ರಿ.ಶ. 1200ರ ಆಸುಪಾಸಿನವು. ಅಕ್ಕಪಕ್ಕ ನಿಂತಿವೆ, ಅವಳಿ ಮಕ್ಕಳ ಹಾಗೆ. ದೂರದಿಂದ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಅದೇ ಆಕಾರ, ಅದೇ ಅಳತೆ, ಅದೇ ಕಲ್ಲು. ಹತ್ತಿರ ಹೋಗಿ ಗೋಡೆ ನೋಡಿ. ಇಲ್ಲಿ ಶಿವನ ಕಡೆಯ ಶಿಲ್ಪಗಳು, ಅಲ್ಲಿ ವಿಷ್ಣುವಿನ ಕಡೆಯವು. ವಿವರ ಬೇರೆ, ಮೈಕಟ್ಟು ಒಂದೇ.

ಭೂಕಂಪದ ನಡುಕ ಕೂಡ ಹೀಗೇ ಅನ್ನೋದು ಆ ಪ್ರಬಂಧದ ಹಿಂದಿನ ಯೋಚನೆ. ಎರಡು ಭೂಕಂಪಗಳ ಗೆರೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದರ ಏರಿಳಿತ ಇನ್ನೊಂದಕ್ಕೆ ಹೊಂದಲ್ಲ. ಆದರೆ ಒಟ್ಟು ಮೈಕಟ್ಟಿನಲ್ಲಿ ಒಂದು ಹೋಲಿಕೆ ಇರುತ್ತೆ. ಮೊದಲು ಮೆತ್ತಗೆ ಶುರುವಾಗುತ್ತೆ, ಜೋರಾಗುತ್ತೆ, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಜೋರು ಮಳೆ ಬಂದು ಹೋಗುವ ಹಾಗೆ. ಯಾವ ಹನಿ ಎಲ್ಲಿ ಬೀಳುತ್ತೆ ಅಂತ ಹೇಳಕ್ಕಾಗಲ್ಲ, ಆದರೆ ಮಳೆ ಹೇಗೆ ಏರಿತು, ಹೇಗೆ ಇಳಿಯಿತು ಅಂತ ಹೇಳಬಹುದು. ಅಯ್ಯಂಗಾರ್ ಗುರುಶಿಷ್ಯರು ಮಾಡಿದ್ದು ಇದನ್ನೇ. ಒಳಗಿನ ಏರಿಳಿತವನ್ನು ಪಗಡೆ ದಾಳದ ಹಾಗೆ ಆಕಸ್ಮಿಕ ಅಂತ ಒಪ್ಪಿಕೊಂಡರು. ಅದರ ಮೇಲೆ ಏರಿ ಇಳಿಯುವ ಒಂದು ಹೊದಿಕೆ ಹಾಕಿದರು. ಹೀಗೆ ಮಾಡಿದರೆ ನಿಜವಾದ ಭೂಕಂಪದ ಗುಣ ಇರುವ ನೂರಾರು ಕೃತಕ ನಡುಕಗಳನ್ನು ಲೆಕ್ಕದಲ್ಲೇ ಹುಟ್ಟಿಸಬಹುದು. ಒಂದು ಕಟ್ಟಡವನ್ನು ಒಂದೇ ನಡುಕಕ್ಕೆ ಪರೀಕ್ಷೆ ಮಾಡುವುದಲ್ಲ, ನೂರು ನಡುಕಕ್ಕೆ ಪರೀಕ್ಷೆ ಮಾಡಬಹುದು. ನೂರರಲ್ಲಿ ಎಷ್ಟು ಸಲ ನಿಲ್ಲುತ್ತೆ, ಎಷ್ಟು ಸಲ ಬೀಳುತ್ತೆ ಅಂತ ಎಣಿಸಬಹುದು.

ಗಮನಿಸಿ, ಇದೇ ತಿರುವು. "ಯಾವಾಗ ಆಗುತ್ತೆ" ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, "ಆದರೆ ಏನಾಗುತ್ತೆ, ಆಗುವ ಸಾಧ್ಯತೆ ಎಷ್ಟು" ಅನ್ನುವ ಪ್ರಶ್ನೆ ಹಿಡಿದುಕೊಂಡರು. ಮೊದಲನೇ ಪ್ರಶ್ನೆಗೆ ಉತ್ತರ ಇಲ್ಲ. ಎರಡನೇದಕ್ಕೆ ಇದೆ.

ಮುಂದೆ ಅವರು ಇನ್ನೊಂದು ಹೆಜ್ಜೆ ಇಟ್ಟರು. ಒಂದು ಕಟ್ಟಡಕ್ಕೆ ಅತ್ಯಂತ ಕೆಟ್ಟದ್ದು ಎನ್ನಬಹುದಾದ ನಡುಕ ಯಾವುದು? ಅದನ್ನೇ ಹುಡುಕಿ ತೆಗೆಯುವ ಗಣಿತದ ಮೇಲೆ 1970ರ ದಶಕದಿಂದ ಕೆಲಸ ಮಾಡಿದರು, 1980ರ ದಶಕದಲ್ಲಿ ಸಿ. ಎಸ್. ಮನೋಹರ್ ಜೊತೆ ಮುಂದುವರಿಸಿದರು. ಅಣುಸ್ಥಾವರ, ದೊಡ್ಡ ಅಣೆಕಟ್ಟು ಇಂಥ ಕಡೆ "ಸಾಧಾರಣವಾಗಿ ನಿಲ್ಲುತ್ತೆ" ಅನ್ನುವ ಮಾತು ನಡೆಯಲ್ಲ. ಅಲ್ಲಿ ಕೆಟ್ಟದ್ದರಲ್ಲಿ ಕೆಟ್ಟದ್ದನ್ನೇ ಊಹಿಸಬೇಕು.

ಈಗ ನೀವು ಕೇಳಬಹುದು. ಇದೆಲ್ಲಾ ಹಿಮಾಲಯದವರಿಗೆ, ಜಪಾನಿನವರಿಗೆ. ನಮ್ಮ ದಖ್ಖನ್ ಪ್ರಸ್ಥಭೂಮಿ ಗಟ್ಟಿ ಕಲ್ಲು, ಇಲ್ಲೇನಾಗುತ್ತೆ ಅಂತ. ನಮ್ಮ ದೇಶದ ತಜ್ಞರಲ್ಲೂ ಬಹಳ ಜನ ಹೀಗೇ ಅಂದುಕೊಂಡಿದ್ದರು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾದಲ್ಲಿ 6ಕ್ಕೂ ಹೆಚ್ಚು ತೀವ್ರತೆಯ ಭೂಕಂಪ ಆಯ್ತು. ಅಣೆಕಟ್ಟಿನಲ್ಲೇ ಬಿರುಕು ಬಿಟ್ಟಿತು, ಸುಮಾರು 200 ಜನ ಸತ್ತರು. 1970ರಲ್ಲಿ ದೇಶದ ಭೂಕಂಪ ವಲಯದ ನಕ್ಷೆ ತಿದ್ದಬೇಕಾಯ್ತು. ಆಮೇಲೆ 1993ರ ಸೆಪ್ಟೆಂಬರ್ 30. ಲಾತೂರ್ ಜಿಲ್ಲೆಯ ಕಿಲ್ಲಾರಿ. ನಮ್ಮ ಬೀದರ್, ಕಲಬುರಗಿ ಗಡಿಗೆ ಹತ್ತಿರ. ಗಣೇಶನ ವಿಸರ್ಜನೆ ಮಾಡಿ ಬಂದು ಮಲಗಿದ್ದ ಜನ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ದಪ್ಪ ಕಲ್ಲಿನ ಗೋಡೆಗಳು, ಅದರ ಮೇಲಿನ ಭಾರದ ಮಣ್ಣಿನ ಚಾವಣಿಗಳು ಮೈಮೇಲೆ ಬಿದ್ದವು. ಸುಮಾರು 8 ಸಾವಿರ ಜನ ಸತ್ತರು.

ಒಂದು ವಿಷಯ ಹೇಳ್ತೀನಿ, ನೆನಪಿಟ್ಟುಕೊಳ್ಳಿ. ಅವತ್ತಿನ ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ. ಅಂದ್ರೆ ಅಪಾಯ ಅತಿ ಕಡಿಮೆ ಅಂತ ಗುರುತಿಸಿದ್ದ ವಲಯ! 2002ರಲ್ಲಿ ನಕ್ಷೆ ಮತ್ತೆ ತಿದ್ದಿದಾಗ ವಲಯ 1 ಅನ್ನೋದನ್ನೇ ತೆಗೆದು ಹಾಕಿದರು. ಆ ನಕ್ಷೆಯಲ್ಲಿ 2ರಿಂದ 5ರವರೆಗೆ ನಾಲ್ಕು ವಲಯ. ಅದರಲ್ಲಿ ನಮ್ಮ ಹಾಸನ ವಲಯ 2. ಕರಾವಳಿ, ಉತ್ತರ ಕರ್ನಾಟಕದ ಕೆಲವು ಭಾಗ ವಲಯ 3.

ನಕ್ಷೆ ಯಾಕೆ ಪ್ರತಿ ಸಲ ಸತ್ತವರನ್ನು ಎಣಿಸಿದ ಮೇಲೆ ಬದಲಾಗುತ್ತೆ? ಯಾಕಂದ್ರೆ ಆ ನಕ್ಷೆ ಬಹುಪಾಲು ನೆನಪಿನ ಮೇಲೆ ನಿಂತಿದೆ. ಹಿಂದೆ ಎಲ್ಲಿ ದೊಡ್ಡದಾಗಿ ಆಗಿತ್ತೋ ಅಲ್ಲಿ ಅಪಾಯ ಜಾಸ್ತಿ, ಆಗಿಲ್ಲ ಅಂದ ಕಡೆ ಕಡಿಮೆ. ಆದರೆ ನಮ್ಮ ನೆನಪು ಎಷ್ಟು ದೊಡ್ಡದು? ಉಪಕರಣ ಇಟ್ಟು ಅಳೆಯಲು ಶುರು ಮಾಡಿ ಅಬ್ಬಬ್ಬಾ ಅಂದ್ರೆ ನೂರು ಚಿಲ್ಲರೆ ವರ್ಷ. ಭೂಮಿಯ ಆಯಸ್ಸಿನ ಮುಂದೆ ಅದು ರೆಪ್ಪೆ ಮಿಟುಕಿಸಿದ ಹೊತ್ತೂ ಅಲ್ಲ. ಅಪರೂಪಕ್ಕೆ ಆಗುವ ಘಟನೆಯ ಸಾಧ್ಯತೆ ಲೆಕ್ಕ ಹಾಕಬೇಕಾದರೆ ಉದ್ದನೆಯ ದಾಖಲೆ ಬೇಕು. "ನಮ್ಮ ಕಡೆ ಯಾವತ್ತೂ ಆಗಿಲ್ಲ" ಅನ್ನುವ ಮಾತಿಗೆ ನಿಜವಾದ ಅರ್ಥ "ನಮಗೆ ನೆನಪಿಲ್ಲ" ಅಂತ ಅಷ್ಟೇ.

ಇಲ್ಲೇ ಆರ್. ಎನ್. ಅಯ್ಯಂಗಾರ್ ಅವರ ಬದುಕಿನ ಅತ್ಯಂತ ಸ್ವಾರಸ್ಯದ ಭಾಗ ಬರುವುದು. 1990ರ ದಶಕದ ಉತ್ತರಾರ್ಧದಲ್ಲಿ ಅವರು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು. ರೂರ್ಕಿ ಅಂದ್ರೆ ಈ ವಿದ್ಯೆಗೆ ತವರುಮನೆ ಇದ್ದ ಹಾಗೆ. 1960ರಲ್ಲೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜೈ ಕೃಷ್ಣ ಅನ್ನುವ ಮಹನೀಯರು ಭೂಕಂಪ ಎಂಜಿನಿಯರಿಂಗ್‌ಗೇ ಒಂದು ಶಾಲೆ ಕಟ್ಟಿದ್ದರು. 1962ರಲ್ಲಿ ದೇಶದ ಮೊದಲ ಭೂಕಂಪ ಸಂಹಿತೆ ಬಂತು. ಅಂಥ ಊರಲ್ಲಿ ಕೂತು ನಮ್ಮ ಬೆಂಗಳೂರಿನ ಪ್ರೊಫೆಸರ್ ಏನು ಮಾಡಿದರು ಗೊತ್ತಾ? ಹಳೆಯ ಸಂಸ್ಕೃತ ಗ್ರಂಥ, ಪರ್ಷಿಯನ್ ಚರಿತ್ರೆಗಳನ್ನು ತೆರೆದರು!

ಎಂಜಿನಿಯರ್‌ಗೂ ಪರ್ಷಿಯನ್ ಚರಿತ್ರೆಗೂ ಏನು ಸಂಬಂಧ? ಇದೆ ಸ್ವಾಮಿ. ಸುಲ್ತಾನರ, ಮೊಘಲರ ಆಸ್ಥಾನದಲ್ಲಿ ಚರಿತ್ರೆ ಬರೆಯುವವರು ಯುದ್ಧದ ಜೊತೆಗೆ ಬರ, ಪ್ರವಾಹ, ಭೂಕಂಪವನ್ನೂ ಬರೆದಿಟ್ಟಿದ್ದಾರೆ, ತಾರೀಕಿನ ಸಮೇತ. 1505ರ ಜುಲೈನಲ್ಲಿ ಕಾಬೂಲ್ ನಡುಗಿದ್ದನ್ನು ಬಾಬರ್ ತಾನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದೇ ತಿಂಗಳು ಆಗ್ರಾದಲ್ಲಿ ದೊಡ್ಡ ಕಟ್ಟಡಗಳು ಉರುಳಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಕಾಶ್ಮೀರದ ಚರಿತ್ರೆಗಳಲ್ಲಿ 16ನೇ ಶತಮಾನದ ನಡುವಿನ ಒಂದು ಭೂಕಂಪದ ವಿಚಿತ್ರ ವರ್ಣನೆ ಇದೆ. ಹಸನ್‌ಪುರ, ಹುಸೇನ್‌ಪುರ ಅಂತ ಎರಡು ಊರು, ನದಿಯ ಆ ದಂಡೆ ಈ ದಂಡೆಯಲ್ಲಿದ್ದವು, ಭೂಕಂಪ ಆದ ಮೇಲೆ ಅದಲು ಬದಲಾದವು ಅಂತ.

ಓದಿದವರು ಏನಂತಾರೆ? ಒಂದು ಗುಂಪು "ಆಹಾ ಪವಾಡ" ಅನ್ನುತ್ತೆ. ಇನ್ನೊಂದು ಗುಂಪು "ಎಲ್ಲಾ ಕಟ್ಟುಕಥೆ" ಅನ್ನುತ್ತೆ. ಎಂಜಿನಿಯರ್ ಬೇರೆ ಥರ ಓದುತ್ತಾನೆ. ಊರು ಎದ್ದು ನಡೆದುಕೊಂಡು ಹೋಗಲ್ಲ ನಿಜ. ಆದರೆ ಬೆಟ್ಟ ಕುಸಿದು, ನೆಲ ಜಾರಿ, ನದಿಯೇ ಪಾತ್ರ ಬದಲಿಸಿದರೆ? ನಿನ್ನೆ ಎಡಗಡೆ ಇದ್ದ ಊರು ಇವತ್ತು ಬಲಗಡೆ ಕಾಣುತ್ತೆ! ಹಾಗಾಗಬೇಕಾದರೆ ನಡುಕ ಎಷ್ಟು ಜೋರಾಗಿರಬೇಕು ಅಂತ ಅಂದಾಜು ಹಾಕಬಹುದು. ಉತ್ಪ್ರೇಕ್ಷೆಯ ಒಳಗೂ ಒಂದು ಅಳತೆ ಸಿಗುತ್ತೆ.

ಹೀಗೆ ಹುಡುಕಿ ಹುಡುಕಿ, ಅಯ್ಯಂಗಾರ್ ಮತ್ತು ಅವರ ಸಂಗಡಿಗರು 1999ರಲ್ಲಿ ಮಧ್ಯಯುಗದ ಭಾರತದ ಭೂಕಂಪಗಳ ಇತಿಹಾಸವನ್ನು ಪ್ರಕಟಿಸಿದರು. ಅದೇ ವರ್ಷ ಪ್ರಾಚೀನ ಭಾರತದ ಭೂಕಂಪಗಳ ಬಗ್ಗೆಯೂ ಅವರು ಬರೆದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೇ ಒಂದು ಅಧ್ಯಾಯ ಇದೆ. ಭೂಕಂಪಗಳನ್ನು ವಾಯು, ಅಗ್ನಿ, ಇಂದ್ರ, ವರುಣ ಅಂತ ನಾಲ್ಕು ಗುಂಪು ಮಾಡಿ, ಯಾವುದರಿಂದ ಯಾವ ಪ್ರದೇಶ ತೊಂದರೆ ಅನುಭವಿಸುತ್ತೆ ಅಂತ ಹೇಳುತ್ತೆ. ಮುಂದೆ ಜೈನ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಪರಾಶರತಂತ್ರ ಅನ್ನುವ ಅದಕ್ಕಿಂತ ಹಳೆಯ ಗ್ರಂಥದ ಚೂರುಗಳನ್ನು ಬೇರೆ ಬೇರೆ ವ್ಯಾಖ್ಯಾನಗಳಿಂದ ಆರಿಸಿ ಜೋಡಿಸಿ 2013ರಲ್ಲಿ ಪುಸ್ತಕ ಮಾಡಿದರು.

ದಯವಿಟ್ಟು ಒಂದು ಸೂಕ್ಷ್ಮ ಅರ್ಥ ಮಾಡಿಕೊಳ್ಳಿ. ಹಳೆಯ ಗ್ರಂಥದಲ್ಲಿ ಮುಂದಿನ ಭೂಕಂಪ ಹುಡುಕುವುದು ಬೇರೆ, ಹಿಂದಿನ ಭೂಕಂಪ ಹುಡುಕುವುದು ಬೇರೆ. ಮೊದಲನೆಯದು ಭವಿಷ್ಯ, ಎರಡನೆಯದು ಸಾಕ್ಷಿ. "ನಮ್ಮ ಪೂರ್ವಿಕರಿಗೆ ಎಲ್ಲಾ ಗೊತ್ತಿತ್ತು" ಅಂತ ಎದೆ ತಟ್ಟಿಕೊಳ್ಳುವವರೂ, "ಅವರಿಗೇನೂ ಗೊತ್ತಿರಲಿಲ್ಲ" ಅಂತ ಮೂಗು ಮುರಿಯುವವರೂ, ಇಬ್ಬರೂ ಆ ಪುಸ್ತಕ ತೆರೆದು ಓದಲ್ಲ. ಓದಿದವರಿಗೆ ಅಲ್ಲಿ ಸಿಗುವುದು ಕಣ್ಣಾರೆ ಕಂಡವರ ಹೇಳಿಕೆ.

ಸರಿ, ಉತ್ತರದಲ್ಲಿ ಮೊಘಲರು ಬರೆದಿಟ್ಟರು. ದಕ್ಷಿಣದಲ್ಲಿ? ಇಲ್ಲೂ ಭೂಮಿ ಸುಮ್ಮನೆ ಕೂತಿಲ್ಲ. 1843ರ ಏಪ್ರಿಲ್ 1ರಂದು ಬಳ್ಳಾರಿ ನಡುಗಿತ್ತು. 1900ರ ಫೆಬ್ರವರಿ 8ರಂದು ಕೊಯಮತ್ತೂರಿನಲ್ಲಿ ಸುಮಾರು 6ರ ತೀವ್ರತೆಯ ಭೂಕಂಪ ಆಗಿತ್ತು. ಆದರೆ ಉಪಕರಣದಲ್ಲಿ ಸಿಕ್ಕ ಜೋರು ನಡುಕದ ದಾಖಲೆಗಳು ನಮ್ಮ ಕಡೆ ತೀರಾ ಕಮ್ಮಿ. ದಾಖಲೆ ಇಲ್ಲದೆ ಕಟ್ಟಡಕ್ಕೆ ಲೆಕ್ಕ ಹಾಕುವುದು ಹೇಗೆ?

ಇಲ್ಲಿ ಅಯ್ಯಂಗಾರ್ ಅವರ ಹಳೆಯ ವಿದ್ಯೆ ಕೈಹಿಡಿಯಿತು. ವಿಜ್ಞಾನ ಸಂಸ್ಥೆಗೆ ಮರಳಿದ ಮೇಲೆ, 2004ರಲ್ಲಿ ಎಸ್. ಟಿ. ಜಿ. ರಘುಕಾಂತ್ ಜೊತೆ ಸೇರಿ ದಖ್ಖನ್ ಭಾಗಕ್ಕೇ ಪ್ರತ್ಯೇಕವಾದ ಒಂದು ಸೂತ್ರ ಕೊಟ್ಟರು. ಇಷ್ಟು ದೊಡ್ಡ ಭೂಕಂಪ, ಇಷ್ಟು ಕಿಲೋಮೀಟರ್ ದೂರದಲ್ಲಿ ಆದರೆ, ಇಲ್ಲಿನ ಬಂಡೆ ಎಷ್ಟು ಜೋರಾಗಿ ಅಲುಗಾಡುತ್ತೆ ಅನ್ನುವ ಸೂತ್ರ. ದಾಖಲೆಗಳ ಕೊರತೆಯನ್ನು ಭೂಮಿಯ ಭೌತಶಾಸ್ತ್ರ ಮತ್ತು ಆಕಸ್ಮಿಕದ ಗಣಿತ ಸೇರಿಸಿ ತುಂಬಿದರು. ಕೊಯ್ನಾ ಪ್ರದೇಶಕ್ಕೆ ಒಂದು, ದಕ್ಷಿಣ ಭಾರತಕ್ಕೆ ಒಂದು, ಪಶ್ಚಿಮ ಮತ್ತು ಮಧ್ಯಭಾಗಕ್ಕೆ ಒಂದು ಅಂತ ಬೇರೆ ಬೇರೆ ಲೆಕ್ಕ.

ಯಾಕೆ ಪ್ರತ್ಯೇಕ ಲೆಕ್ಕ? ಗಟ್ಟಿ ಕಲ್ಲು ಅಂದ್ರೆ ಕ್ಷೇಮ ಅಂತ ನಾವು ಅಂದುಕೊಂಡಿದ್ದೀವಲ್ಲ, ಅದಕ್ಕೇ. ಮರಳಿನ ಮೂಟೆಯ ಒಂದು ತುದಿಗೆ ಸುತ್ತಿಗೆಯಿಂದ ಹೊಡೆಯಿರಿ, ಇನ್ನೊಂದು ತುದಿಗೆ ಗೊತ್ತೂ ಆಗಲ್ಲ. ಉದ್ದನೆಯ ಗ್ರಾನೈಟ್ ಚಪ್ಪಡಿಗೆ ಹೊಡೆಯಿರಿ, ಆ ತುದಿಯಲ್ಲೂ ಝಂ ಅನ್ನುತ್ತೆ. ಹಳೆಯ ಗಟ್ಟಿ ನೆಲದಲ್ಲಿ ಭೂಕಂಪದ ಅಲೆ ಬಹಳ ದೂರ ಹೋಗುತ್ತೆ, ಬೇಗ ಸಾಯಲ್ಲ. 2001ರ ಜನವರಿ 26ರಂದು ಭುಜ್‌ನಲ್ಲಿ ಭೂಕಂಪ ಆದಾಗ 200 ಕಿಲೋಮೀಟರ್‌ಗೂ ಹೆಚ್ಚು ದೂರ ಇದ್ದ ಅಹಮದಾಬಾದ್‌ನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು ಬಿದ್ದವು. ಅಲ್ಲಿ ನೆಲದ ಮಣ್ಣಿನ ಪಾತ್ರವೂ ಇತ್ತು, ಕಟ್ಟಿದವರ ಪಾತ್ರವೂ ಇತ್ತು.

ಈ ಎಲ್ಲಾ ಕೆಲಸಗಳೂ ಕೊನೆಗೆ ಒಂದು ಕಡೆ ಸೇರಿದವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಡೀ ಭಾರತಕ್ಕೆ ಸಾಧ್ಯತೆಯ ಆಧಾರದ ಮೇಲೆ ಭೂಕಂಪ ಅಪಾಯದ ನಕ್ಷೆ ತಯಾರಿಸಲು ತಜ್ಞರ ಸಮಿತಿ ಮಾಡಿತು. ಅದಕ್ಕೆ ಅಧ್ಯಕ್ಷರು ಪ್ರೊಫೆಸರ್ ಅಯ್ಯಂಗಾರ್. ಹಳೆಯ ಚರಿತ್ರೆಯಿಂದ ಹಿಡಿದು ಇತ್ತೀಚಿನ ಉಪಕರಣಗಳವರೆಗೆ ಸಿಕ್ಕ ಭೂಕಂಪಗಳನ್ನೆಲ್ಲಾ ಒಟ್ಟು ಮಾಡಿದರು. ದೇಶ ಮತ್ತು ಅದರ ಸುತ್ತಲಿನ ನೆಲವನ್ನು ಭೂಕಂಪ ಹುಟ್ಟುವ 32 ವಲಯಗಳಾಗಿ ವಿಂಗಡಿಸಿದರು. 2011ರ ಹೊತ್ತಿಗೆ ವರದಿ ಹೊರಬಂತು. ನಾಲ್ಕು ಬಣ್ಣ ಬಳಿದು "ನೀನು ಕ್ಷೇಮ, ನೀನು ಅಪಾಯ" ಅನ್ನುವ ನಕ್ಷೆ ಅಲ್ಲ ಇದು. "ನಿನ್ನ ಊರಲ್ಲಿ ಇಷ್ಟು ವರ್ಷದಲ್ಲಿ ಇಷ್ಟು ಜೋರಿನ ನಡುಕ ಆಗುವ ಸಾಧ್ಯತೆ ಇಷ್ಟು" ಅಂತ ಹೇಳುವ ನಕ್ಷೆ.

ಇಲ್ಲಿ ಜನರಿಗೆ ಗೊಂದಲ ಆಗುವ ಒಂದು ಸಂಖ್ಯೆ ಇದೆ. 475 ವರ್ಷ. ಎಂಜಿನಿಯರುಗಳು "475 ವರ್ಷಕ್ಕೊಮ್ಮೆ ಆಗುವ ನಡುಕ" ಅಂತಾರೆ. ತಕ್ಷಣ ನಾವೇನು ತಿಳ್ಕೋತೀವಿ? ಒಂದು ಸಲ ಆಯ್ತು ಅಂದ್ರೆ ಇನ್ನು 475 ವರ್ಷ ಆರಾಮಾಗಿ ಮಲಗಬಹುದು ಅಂತ. ತಪ್ಪು. ಅದರ ಅರ್ಥ, 50 ವರ್ಷ ಬಾಳುವ ಒಂದು ಮನೆ ತನ್ನ ಜೀವಮಾನದಲ್ಲಿ ಆ ಮಟ್ಟದ ನಡುಕ ನೋಡುವ ಸಾಧ್ಯತೆ ನೂರಕ್ಕೆ 10. ನಾಳೆಯೂ ಆಗಬಹುದು, 600 ವರ್ಷ ಆಗದೇ ಇರಬಹುದು.

ಈಗ ಇದೇ ಲೆಕ್ಕವನ್ನು ಮೊಸಳೆ ದೇವಸ್ಥಾನಕ್ಕೆ ಹಾಕೋಣ. ಅದಕ್ಕೆ 800 ವರ್ಷ ಆಗಿದೆ. 800 ವರ್ಷದಲ್ಲಿ ಆ ಜಾಗದ 475 ವರ್ಷದ ನಡುಕವನ್ನು ಒಂದು ಸಲವಾದರೂ ನೋಡಿರುವ ಸಾಧ್ಯತೆ ಎಷ್ಟು ಅಂತ ನಾನೇ ಕ್ಯಾಲ್ಕುಲೇಟರ್ ಹಿಡಿದು ನೋಡಿದೆ. ನೂರಕ್ಕೆ 81! ಅಂದ್ರೆ ನಮ್ಮ ಅಜ್ಜನ ಅಜ್ಜನ ಅಜ್ಜಂದಿರಿಗೂ ನೆನಪಿಲ್ಲದ ಒಂದು ನಡುಕವನ್ನು ಆ ಎರಡು ಗುಡಿಗಳು ನೋಡಿರುವ ಸಾಧ್ಯತೆಯೇ ಹೆಚ್ಚು. ನೋಡಿಯೂ ನಿಂತಿವೆ. ಯಾಕೆ? ಗಿಡ್ಡ, ಅಗಲ, ತೂಕ ಹೆಚ್ಚಾಗಿ ಕೆಳಗಡೆ. ಭೂಕಂಪ ಎಂಜಿನಿಯರಿಂಗ್‌ನ ಮೊದಲ ಪಾಠ ಇಷ್ಟೇ.

ಈಗ ಹಾಸನದ ಯಾವುದಾದರೂ ಹೊಸ ಬಡಾವಣೆಗೆ ಬನ್ನಿ. ಚನ್ನರಾಯಪಟ್ಟಣಕ್ಕೆ ಹೋಗಿ, ಹೊಳೆನರಸೀಪುರಕ್ಕೆ ಹೋಗಿ. 30‍–40 ಸೈಟಿನಲ್ಲಿ ಮೂರು ಮಹಡಿ, ನಾಲ್ಕು ಮಹಡಿ. ಕೆಳಗಡೆ ಪಾರ್ಕಿಂಗ್‌ಗೆ ಅಂತ ಗೋಡೆಯೇ ಇಲ್ಲ, ಬರೀ ಪಿಲ್ಲರ್. ಮೇಲಿನ ಮಹಡಿಗಳಲ್ಲಿ ಗೋಡೆ ತುಂಬಿ ಪೆಟ್ಟಿಗೆಯ ಹಾಗೆ ಗಟ್ಟಿ. ದಪ್ಪ ದೇಹ, ಸಣ್ಣ ಕಾಲು. ನೆಲ ಅಲುಗಾಡಿದರೆ ಇಡೀ ಪೆಟ್ಟು ಆ ಕಾಲುಗಳ ಮೇಲೆ. ಅಹಮದಾಬಾದ್‌ನಲ್ಲಿ ಬಿದ್ದವುಗಳಲ್ಲಿ ಬಹಳಷ್ಟು ಇಂಥವೇ. ಹಾಗಂತ ನಾಳೆಯೇ ಬೀಳುತ್ತೆ ಅಂತ ನಾನು ಹೆದರಿಸುತ್ತಿಲ್ಲ. 2002ರ ನಕ್ಷೆಯಲ್ಲಿ ಹಾಸನ ವಲಯ 2, ಅಪಾಯ ಕಡಿಮೆಯೇ. ಹೊಳೆನರಸೀಪುರದ 3.4 ಮತ್ತು ಟರ್ಕಿಯ 7.8, ಈ ಎರಡರ ನಡುವೆ ಹೊರಬಿದ್ದ ಶಕ್ತಿಯಲ್ಲಿ ಸುಮಾರು 40 ಲಕ್ಷ ಪಟ್ಟು ವ್ಯತ್ಯಾಸ ಇದೆ. ಪ್ರತಿ ಒಂದು ಅಂಕಿಗೆ ಶಕ್ತಿ 32 ಪಟ್ಟು ಏರುತ್ತೆ, ಅದಕ್ಕೆ. ಆದರೆ ಕಡಿಮೆ ಅಂದ್ರೆ ಸೊನ್ನೆ ಅಲ್ಲ. ಕಿಲ್ಲಾರಿ ಕೂಡ "ಕಡಿಮೆ"ಯಲ್ಲೇ ಇತ್ತು.

ಇನ್ನೊಂದು ಆಸೆಯನ್ನೂ ಹೇಳಿಬಿಡ್ತೀನಿ. ನಮ್ಮ ಜಿಲ್ಲೆಯಷ್ಟು ಶಾಸನ ಇರುವ ಜಿಲ್ಲೆಗಳು ಕಡಿಮೆ. ಬಿ. ಎಲ್. ರೈಸ್ 1902ರಲ್ಲೇ ಹಾಸನ ಜಿಲ್ಲೆಯ ಶಾಸನಗಳಿಗೆ ಅಂತ ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಇಡೀ ಸಂಪುಟ ಪ್ರಕಟಿಸಿದರು. ಗುಡಿ ಬಿದ್ದುಹೋಗಿತ್ತು, ಜೀರ್ಣೋದ್ಧಾರ ಮಾಡಿಸಿದೆವು, ಕೆರೆ ಏರಿ ಒಡೆದಿತ್ತು, ಕಟ್ಟಿಸಿದೆವು ಅನ್ನುವ ಶಾಸನಗಳು ನಾಡಿನ ತುಂಬ ಇವೆ. ಯಾಕೆ ಬಿತ್ತು, ಯಾಕೆ ಒಡೆಯಿತು? ವಯಸ್ಸಾಗಿ ಬಿದ್ದಿರಬಹುದು, ದಾಳಿಯಲ್ಲಿ ಬಿದ್ದಿರಬಹುದು, ಮಳೆಗೆ ಒಡೆದಿರಬಹುದು. ನೆಲ ನಡುಗಿಯೂ ಇರಬಹುದು. ಒಂದೇ ಕಾಲದಲ್ಲಿ ಅಕ್ಕಪಕ್ಕದ ಹತ್ತು ಊರುಗಳ ಗುಡಿ ದುರಸ್ತಿಯಾಗಿದ್ದರೆ ಅದು ಅನುಮಾನ ಪಡಬೇಕಾದ ವಿಷಯ. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರೂ, ಇತಿಹಾಸ ವಿಭಾಗದ ಹುಡುಗರೂ ಒಟ್ಟಿಗೆ ಕೂತು ಆ ಸಂಪುಟ ಓದಬೇಕು. ಅಯ್ಯಂಗಾರ್ ಪರ್ಷಿಯನ್ ಚರಿತ್ರೆಗೆ ಮಾಡಿದ್ದನ್ನು ಹಳಗನ್ನಡಕ್ಕೆ ಮಾಡಲು ನಮಗೇನು ಕಷ್ಟ?

ಅಲ್ಲಿಯವರೆಗೆ ನೀವು, ನಾನು ಮಾಡಬಹುದಾದ್ದು ಒಂದಿಷ್ಟಿದೆ. ಇಟ್ಟಿಗೆ ಅಥವಾ ಕಲ್ಲಿನ ಗೋಡೆಯ ಮನೆ ಆದರೆ ಲಿಂಟಲ್‌ನ ಕಾಂಕ್ರೀಟು ಬರೀ ಬಾಗಿಲು, ಕಿಟಕಿ ಮೇಲೆ ತುಂಡು ತುಂಡಾಗಿ ಹಾಕಿಸಬೇಡಿ. ಎಲ್ಲಾ ಗೋಡೆಗಳ ಮೇಲೂ ಸುತ್ತ ಒಂದೇ ಪಟ್ಟಿಯಾಗಿ, ಸೊಂಟಕ್ಕೆ ಬೆಲ್ಟ್ ಕಟ್ಟಿದ ಹಾಗೆ ಹಾಕಿಸಿ. ನಡುಗಿದಾಗ ಗೋಡೆಗಳು ಒಂದೊಂದು ದಿಕ್ಕಿಗೆ ಬೀಳದ ಹಾಗೆ ಹಿಡಿದುಕೊಳ್ಳುವುದು ಅದೇ. ಪಿಲ್ಲರ್ ಮನೆ ಆದರೆ ಕೆಳಗಿನ ಪಾರ್ಕಿಂಗ್ ಮಹಡಿಯನ್ನು ಪೂರ್ತಿ ಬೋಳು ಬಿಡಬೇಡಿ, ಎಂಜಿನಿಯರ್ ಹತ್ತಿರ ಕೇಳಿ ಕೆಲವು ಕಡೆಯಾದರೂ ಗಟ್ಟಿ ಗೋಡೆ ಕೊಡಿಸಿ. ನೀರಿನ ದೊಡ್ಡ ಟ್ಯಾಂಕು ಯಾವ ಪಿಲ್ಲರ್ ಮೇಲೆ ಕೂರುತ್ತೆ ಅಂತ ವಿಚಾರಿಸಿ.

ಎಲ್ಲಕ್ಕಿಂತ ಸುಲಭದ್ದು ಒಂದಿದೆ. ಪಿಲ್ಲರಿನ ಉದ್ದ ಕಂಬಿಗಳ ಸುತ್ತ ಚೌಕಾಕಾರದ ರಿಂಗ್ ಕಟ್ಟುತ್ತಾರಲ್ಲ, ಅದರ ತುದಿಯ ಕೊಕ್ಕೆ ನೋಡಿ. ಎಷ್ಟೋ ಕಡೆ ಅದನ್ನು 90 ಡಿಗ್ರಿಗೆ ಮಡಚಿ ಬಿಟ್ಟುಬಿಡ್ತಾರೆ. ನಡುಕದಲ್ಲಿ ಹೊರಗಿನ ಕಾಂಕ್ರೀಟು ಉದುರಿದ ತಕ್ಷಣ ಅದು ಬಿಚ್ಚಿಕೊಳ್ಳುತ್ತೆ, ಒಳಗಿನ ಕಂಬಿ ಬಾಗುತ್ತೆ, ಪಿಲ್ಲರ್ ಹೋಯಿತು. 135 ಡಿಗ್ರಿಗೆ, ಅಂದ್ರೆ ಒಳಗಿನ ಕಾಂಕ್ರೀಟಿನ ಕಡೆಗೆ ಮಡಚಬೇಕು. ನಮ್ಮ ದೇಶದ ಸಂಹಿತೆ ಹೇಳುವುದೂ ಅದನ್ನೇ. ಖರ್ಚು ಜಾಸ್ತಿ ಆಗಲ್ಲ, ಒಂದಿಷ್ಟು ಕಂಬಿ, ಒಂದಿಷ್ಟು ಹೊತ್ತು ಅಷ್ಟೇ. ಆದರೆ ಕಾಂಕ್ರೀಟು ಸುರಿದ ಮೇಲೆ ಅದು ಯಾರ ಕಣ್ಣಿಗೂ ಕಾಣಲ್ಲ. ಹಾಗಾಗಿ ಸುರಿಯುವ ಹಿಂದಿನ ದಿನ ಸಂಜೆ ಸೈಟಿಗೆ ಹೋಗಿ, ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಕೇಳಿ: "ರಿಂಗಿನ ಕೊಕ್ಕೆ ಒಳಗಡೆ ಮಡಚಿದೀಯೇನಪ್ಪಾ? ಎಲ್ಲಿ, ತೋರಿಸು."